ಸರ್ವರಿನಲ್ಲಿ ಜಾಗ

ಹೆಬ್ಬಾಳದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಎಲ್ಲರ ಕಂಪ್ಯೂಟರ್ ಕೆಲಸವೂ ನಡೆಯುವುದು ಒಂದೇ ಸರ್ವರಿನಲ್ಲಿ. ಬೇಗ ತೆರೆಯಲೆಂದು ಪ್ರತಿಯೊಬ್ಬರ ಮೇಲ್‌ಗಳ ನಕಲನ್ನೂ ಸರ್ವರ್ ನೋಡಿಕೊಳ್ಳುವ ನಾನು ಅದರಲ್ಲೇ ಇಡುತ್ತಿದ್ದೆ. ಜಾಗ ಸಾಲದೆ ಮೂರು ತಿಂಗಳದ್ದು ಮಾತ್ರ ಇಡುತ್ತಿದ್ದೆ; ಅದಕ್ಕಿಂತ ಹಳೆಯವು ಇಂಟರ್ನೆಟ್‌ನಿಂದ ನಿಧಾನವಾಗಿ ಬರಬೇಕಿತ್ತು. ಅದಕ್ಕೆ ಅಕೌಂಟ್ಸ್‌ನ ಮೇಡಂ ದಿನಾ ಜಗಳಕ್ಕೆ ಬರುತ್ತಿದ್ದರು.

"ಹಳೇ ಮೇಲ್ ತೆಗೆಯೋಷ್ಟರಲ್ಲಿ ಕಾಫಿ ಆರೋಗುತ್ತೆ ಕಣ್ರೀ. ಒಂದು ವರ್ಷದ್ದು ಇಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಜಾಗ ಎಲ್ಲಿಂದ ತರ್ಲಿ ಮೇಡಂ?" ಎಂದು ನಾನೂ ರೇಗುತ್ತಿದ್ದೆ. ಹೊಸ ಡಿಸ್ಕ್ ಕೊಡಿಸಿ ಎಂದು ಮೇಲಿನವರ ಹತ್ತಿರ ಗೋಗರೆದು ನನಗೂ ಸಾಕಾಗಿತ್ತು.

ಕಳೆದ ತಿಂಗಳು ಅಕೌಂಟ್ಸ್ ವಿಭಾಗ ಮುಚ್ಚಿ ಮೇಡಂ ಸೇರಿ ಅಲ್ಲಿದ್ದವರನ್ನೆಲ್ಲ ಕೆಲಸದಿಂದ ಮನೆಗೆ ಕಳಿಸಿದರು. ಅವರ ಮೇಲ್, ಫೈಲ್ ಎಲ್ಲವನ್ನೂ ಸರ್ವರಿನಿಂದ ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಳಿಸಿ ನೋಡಿದರೆ, ಉಳಿದವರಿಗೆಲ್ಲ ಒಂದು ವರ್ಷದ ಮೇಲ್ ಇಡುವಷ್ಟು ಜಾಗವಿತ್ತು. ಉಳಿದವರಲ್ಲಿ ಯಾರೂ ಅದನ್ನು ಕೇಳಿದವರಲ್ಲ.