ಕ್ಯಾಚರ್ ಬೆನ್ನ ಹಿಂದಿನ ಕಪ್ಪು ಬೂಟು

ಆಗಷ್ಟೇ ಬೆಳಕು ಹರಿಯುತ್ತಿದೆ. ಹಳೇಬೀಡಿನ ಬಸದಿಯ ಹತ್ತಿರದ ಮನೆಯೊಂದರ ಹಿತ್ತಿಲಲ್ಲಿ ದಿನಸಿ ಅಂಗಡಿಯ ನಿಶ್ಚಲ್ ತಮ್ಮ ಹೆಂಡತಿಯ ಕಾಲಿಗೆ ಗುರಿಯಿಟ್ಟು ಚೆಂಡು ಎಸೆಯುತ್ತಿದ್ದಾರೆ. ಹೆಂಡತಿ ತಪ್ಪಿಸಿಕೊಳ್ಳುತ್ತಿಲ್ಲ. ಮುಖಕ್ಕೆ ಕಬ್ಬಿಣದ ಜಾಲರಿ ಬಿಗಿದುಕೊಂಡು, ಮಂಡಿ ಅರ್ಧ ಮಡಿಸಿ, ಕಪ್ಪು ಬೂಟಿನ ಕಾಲುಗಳನ್ನು ಅಗಲಿಸಿ ನಿಂತು, “ಇನ್ನೂ ಸ್ವಲ್ಪ ಜೋರಾಗಿ ಹಾಕ್ರೀ. ಅಕ್ಕಿ ಮೂಟೆ ಎತ್ತೋ ಕೈ ಅಲ್ವಾ ಅದು?” ಎಂದು ಗದರುತ್ತಿದ್ದಾರೆ.

ಹಾಲು ತಂದ ಮುನಿಯಮ್ಮ ಬೇಲಿಯ ಆಚೆಯೇ ನಿಂತುಬಿಡುತ್ತಾರೆ. “ಏನವ್ವಾ ಇದು! ಬೇರೆಯೋರ ಮನೇಲಿ ಗಂಡ ಕೈ ಎತ್ತಿದ್ರೆ ಬಿಡ್ಸಕ್ಕೆ ಓಡೋಯ್ತೀವಿ. ಇಲ್ಲಿ ನೋಡಿದ್ರೆ ಹೊಡೀರಿ ಹೊಡೀರಿ ಅಂತ ನೀವೇ ಕೂಗ್ತಾ ಇದೀರಿ!”

“ನೀವೂ ಬಂದು ಒಂದು ಹೊಡೀರಿ ಮುನಿಯಮ್ಮ.”

“ಬ್ಯಾಡ ಕಣವ್ವಾ. ಆಮೇಲೆ ನಿಮ್ಮತ್ತೆ ನನ್ ಹಾಲಿಗೆ ನೀರು ಸೇರೈತೆ ಅಂತಾರೆ.”

ಜಾಲರಿಯ ಹಿಂದಿರುವವರು ಸೌಜನ್ಯ. ಬೇಲೂರಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಭಾನುವಾರ, ರಜಾದಿನಗಳಲ್ಲಿ ಬೇಸ್‌ಬಾಲ್ ಅಂಪೈರ್. ಸೌಜನ್ಯವೇನಿದ್ದರೂ ಹೆಸರಿನಲ್ಲಿ, ಔಟ್ ಕೊಡುವಾಗ ಕೈ ಎತ್ತುವ ರಭಸಕ್ಕೆ ಪಕ್ಕದಲ್ಲಿದ್ದವರು ತಲೆ ತಗ್ಗಿಸಬೇಕು. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ದಾಂಡಿಗ ನಿಲ್ಲುವಲ್ಲಿ ನೆಲದ ಮೇಲೊಂದು ಬಿಳಿ ರಬ್ಬರಿನ ಹಲಗೆ ಇರುತ್ತದೆ. ಅದನ್ನು ‘ಪ್ಲೇಟ್’ ಎನ್ನುತ್ತಾರೆ. ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಅವನ ಬೆನ್ನಿಗಂಟಿಕೊಂಡಂತೆ ಬಗ್ಗಿ ನಿಂತು, ಬಂದ ಪ್ರತಿ ಎಸೆತ ಸರಿಯೋ ತಪ್ಪೋ ಹೇಳುವವರು ಪ್ಲೇಟ್ ಅಂಪೈರ್. ದಾಂಡಿನ ಅಂಚು ಸವರಿದ ಚೆಂಡು ಎತ್ತ ಬೇಕಾದರೂ ಹೋಗಬಹುದು. ಬಹಳ ಸಲ ಅದು ನೆಟ್ಟಗೆ ಹೋಗುವುದು ಅಂಪೈರ್ ಕಾಲ್ಬೆರಳಿಗೆ.

ಎರಡು ವರ್ಷದ ಹಿಂದೆ ಹೋದದ್ದೂ ಅಲ್ಲಿಗೇ. ಆಗ ಸೌಜನ್ಯರ ಕಾಲಲ್ಲಿದ್ದದ್ದು ಬಟ್ಟೆಯ ಬಿಳಿ ಶೂ. ಹೆಬ್ಬೆರಳಿನ ಮೂಳೆ ಸೀಳಿತು, ಉಗುರು ಕಪ್ಪಾಗಿ ಬಿದ್ದುಹೋಯಿತು. ಬೆರಳು ವಾಸಿಯಾಯಿತು. ಆದರೆ ಮರಳಿ ಪ್ಲೇಟ್ ಹಿಂದೆ ನಿಂತಾಗ ಬೇರೊಂದು ಕಾಯಿಲೆ ಶುರುವಾಗಿತ್ತು. ಚೆಂಡು ಹತ್ತಿರ ಬಂದ ಕೂಡಲೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಅದನ್ನು ಕಂಡುಹಿಡಿದವರು ಜಿಲ್ಲೆಯ ಹಿರಿಯ ಅಂಪೈರ್ ಇಂದುಧರ. ಗಂಟಲಲ್ಲಿ ಸದಾ ಜಲ್ಲಿ ಅರೆಯುವಂಥ ದನಿ. ಮಾತಿಗೊಮ್ಮೆ ‘ಏನು’ ಎನ್ನದಿದ್ದರೆ ಅವರಿಗೆ ವಾಕ್ಯ ಮುಗಿಯುವುದಿಲ್ಲ. “ಮೇಡಂ, ನೀವು ಚೆಂಡು ನೋಡ್ತಾ ಇಲ್ಲ, ಏನು? ಚೆಂಡಿನ ಸದ್ದು ಕೇಳಿಸ್ಕೊಂಡು ತೀರ್ಪು ಕೊಡ್ತಾ ಇದೀರಿ, ಏನು?” ಹಿಂದಿನಿಂದ ನೋಡಿ ಹೇಗೆ ಗೊತ್ತಾಯಿತು ಎಂದರೆ, “ಕಣ್ಣು ಮುಚ್ಚಿದ್ರೆ ಹೆಗಲು ಮೇಲೇಳುತ್ತೆ, ಏನು. ನನಗೆ ಕಣ್ಣು ಕಾಣ್ಬೇಕಾಗಿಲ್ಲ” ಎಂದರಂತೆ. ಅಂದಿನಿಂದ ಸೌಜನ್ಯರಿಗೆ ಮೈದಾನದ ಮೂಲೆಯ ಕೆಲಸ. ಪ್ಲೇಟ್ ಹಿಂದೆ ನಿಲ್ಲಬೇಕಾದರೆ ಎರಡು ಷರತ್ತು: ಕಾಲು ಕಾಯುವ ಉಕ್ಕಿನ ಬೂಟು ಇರಬೇಕು, ಹೆಗಲು ಏಳಬಾರದು. ನಾಳೆ, ಭಾನುವಾರ, ಅರಸೀಕೆರೆಯಲ್ಲಿ ಕಾಲೇಜು ತಂಡಗಳ ಫೈನಲ್. ಅಲ್ಲಿ ಹೆಗಲು ಎದ್ದರೆ ಈ ವರ್ಷ ಪೂರ್ತಿ ಮೂಲೆಯೇ ಗತಿ.

ಹೆಗಲಿಗಿಂತ ಮೊದಲು ಸತಾಯಿಸಿದ್ದು ಬೂಟು. ಅಂಪೈರ್‌ಗಳಿಗೆಂದೇ ತಯಾರಾಗುವ ಬೂಟುಗಳು ಇವೆ. ಬೆರಳುಗಳ ಮೇಲೆ ಉಕ್ಕಿನ ಟೋಪಿ, ಪಾದದ ಮೇಲ್ಭಾಗಕ್ಕೆ ಗಟ್ಟಿ ಹೊದಿಕೆ. ಸೌಜನ್ಯರಿಗೆ ಸಿಕ್ಕಿದ್ದೆಲ್ಲ ಗಂಡಸರ ಅಳತೆಯವು, ಎಲ್ಲವೂ ಚರ್ಮದವು. ಈ ಜೈನ ಮನೆಯ ಹೊಸ್ತಿಲೊಳಗೆ ಚರ್ಮದ ಬೆಲ್ಟೂ ಬಂದಿಲ್ಲ. ಇಂದುಧರ ತಮ್ಮ ಹಳೇ ಜೋಡಿಯನ್ನೇ ಕೊಡಲು ಬಂದರು. “ಹಾಕ್ಕೊಳ್ಳಿ ಮೇಡಂ, ಅರಸೀಕೆರೇಲಿ ಯಾರು ನೋಡ್ತಾರೆ, ಏನು?”

“ನನ್ ಕಾಲೇ ನೋಡುತ್ತಲ್ಲ ಸಾರ್” ಎಂದು ಸೌಜನ್ಯ ಕೈಮುಗಿದು ವಾಪಸು ಕಳಿಸಿದರು.

ಹಾಗಾದರೆ ಚೆಂಡು? ಅದಕ್ಕೂ ಚರ್ಮದ ಹೊದಿಕೆಯೇ ಅಲ್ಲವೇ? ಕೇಳಬಾರದ್ದನ್ನು ಕೇಳಿದಂತಾದರೂ ಅವರೇನೂ ಬೇಸರಿಸಿಕೊಳ್ಳುವುದಿಲ್ಲ. “ಮನೇಲಿ ಅಭ್ಯಾಸಕ್ಕೆ ಸಿಂಥೆಟಿಕ್ ಚೆಂಡು. ಮ್ಯಾಚಲ್ಲಿ ಅವರ ಚೆಂಡು, ಅವರ ಗ್ಲೌಸು. ಅದು ನನ್ ಕೈಲಿಲ್ಲ. ಕಾಲು ನಂದಲ್ವಾ? ನನ್ ಕೈಲಾಗೋ ಕಡೆ ನಾನು ನೇಮ ಬಿಡಲ್ಲ.” ಇದು ಬೂಟಾಟಿಕೆಯಲ್ಲ, ಬೂಟಿನದೇ ಪೇಚಾಟ.

ಕೊನೆಗೆ ಬೂಟು ಸಿಕ್ಕಿದ್ದು ಆಟದ ಸಾಮಾನಿನ ಅಂಗಡಿಯಲ್ಲಲ್ಲ, ಕಾರ್ಖಾನೆಯ ಕೆಲಸಗಾರರಿಗೆ ಹೆಲ್ಮೆಟ್ಟು, ಗಂಬೂಟು ಮಾರುವ ಅರಸೀಕೆರೆಯ ಅಂಗಡಿಯಲ್ಲಿ. ಹೆಂಗಸರ ಅಳತೆ, ಚರ್ಮವಿಲ್ಲ, ಮೂತಿಗೆ ಉಕ್ಕು. ಸೌಜನ್ಯ ಅದನ್ನು ಆರಿಸಿದ ಕ್ರಮ ನೋಡಿ ಅಂಗಡಿಯವನು ಸುಸ್ತು. ಬೆಳಿಗ್ಗೆ ಹೋಗಲಿಲ್ಲ, ದಿನವಿಡೀ ನಿಂತು ಪಾದ ಊದಿಕೊಂಡ ಮೇಲೆ, ಸಂಜೆ ಹೋದರು. ಮ್ಯಾಚಿಗೆ ಹಾಕುವ ದಪ್ಪ ಕಾಲುಚೀಲ ತೊಟ್ಟರು. ಬೆರಳಿಗೂ ಉಕ್ಕಿಗೂ ನಡುವೆ ಜಾಗವಿದೆಯೇ ಎಂದು ಗೋಡೆಗೆ ಒದ್ದು ನೋಡಿದರು. ಅಂಗಡಿಯ ನಡುವೆಯೇ ಅರ್ಧ ಕೂತು ಎದ್ದರು. “ಬಗ್ಗಿದಾಗ ಹಿಮ್ಮಡಿ ಮೇಲೆ ಬಂದ್ರೆ ಆ ಬೂಟು ಬೇಡ. ಉಕ್ಕು ಬೆರಳಿಗೆ ತಾಗಿದ್ರೂ ಬೇಡ. ಚೆಂಡಿನ ಪೆಟ್ಟನ್ನ ಬೂಟೇ ಬೆರಳಿಗೆ ದಾಟಿಸಿಬಿಡುತ್ತೆ.”

ಒಂದೇ ಕೊರತೆ. ಉಕ್ಕು ಮುಚ್ಚುವುದು ಬೆರಳುಗಳನ್ನಷ್ಟೇ. ಪಾದದ ಮೇಲ್ಭಾಗ ಬಯಲು. ಇಲ್ಲಿ ನೆರವಿಗೆ ಬಂದವರು ಅರಸೀಕೆರೆ ರೈಲು ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಧರ್ಮೇಶ್. ತೋಟಕ್ಕೆ ನೀರು ಹಾಯಿಸುವ ದಪ್ಪ ಪಿವಿಸಿ ಪೈಪಿನಿಂದ ಅಂಗೈಯಗಲ ತುಂಡೊಂದನ್ನು ಕತ್ತರಿಸಿದರು. ಪೈಪಿನ ಬಾಗು ಪಾದದ ಬಾಗಿಗೆ ಒಪ್ಪುತ್ತದೆ. ಒಳಗೆ ಸ್ಪಂಜು, ಮೇಲೆ ಕಪ್ಪು ರೆಕ್ಸಿನ್. ಅಂಟಿನ ಬಗ್ಗೆ ಫೋನಿನಲ್ಲೇ ವಿಚಾರಣೆ ನಡೆಸಿದವರು ಸೌಜನ್ಯರ ಅತ್ತೆ ಜಿನಮತಿ: “ಏನಪ್ಪಾ, ಅದು ಮೂಳೆ ಬೇಯಿಸಿ ಮಾಡೋ ಅಂಟಲ್ಲ ತಾನೆ?”

“ಕೆಮಿಕಲ್ಲು ಕಣಮ್ಮಾ, ಮೂಸಿದ್ರೆ ನನ್ ತಲೇನೇ ತಿರುಗ್ತದೆ.”

ಬೂಟು ಮನೆಗೆ ಬಂದ ಮೇಲೆ ಅದರ ಆರೈಕೆಯೂ ಒಂದು ವ್ರತ. ಆಟ ಮುಗಿದ ಕೂಡಲೇ ಮಣ್ಣನ್ನು ಒಣ ಬ್ರಷ್ಷಿನಿಂದ ಉದುರಿಸಬೇಕು. ನೀರು ಸೋಕಿದರೆ ಕೆಮ್ಮಣ್ಣು ಹೊಲಿಗೆಯೊಳಗೆ ಇಳಿಯುತ್ತದೆ. ಒದ್ದೆಯಾಗಿದ್ದರೆ ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಇಡಬೇಕು. ಉಕ್ಕಿನ ಟೋಪಿ ತಗ್ಗಿದೆಯೇ ಎಂದು ಹೆಬ್ಬೆರಳು ಒತ್ತಿ ನೋಡಬೇಕು. ತಗ್ಗಿದ್ದರೆ ಆ ಬೂಟಿನ ಕತೆ ಅಲ್ಲಿಗೆ ಮುಗಿಯಿತು. ಪಾಲಿಶ್ ಕೂಡ ಜೇನುಮೇಣ ಇಲ್ಲದ್ದು. ಎಣ್ಣೆ ಕೂಡದು, ಬಿಸಿ ಕೂಡದು.

ಕೊನೆಯ ಎರಡನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ.

ಅದೇ ಶನಿವಾರ ಸಂಜೆ ಸೌಜನ್ಯ ಬೇಲೂರಿನ ಶಾಲೆಯಲ್ಲಿ ಮಕ್ಕಳಿಗೆ ಆಟದ ಅಭ್ಯಾಸ ಮಾಡಿಸಿ, ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂರಬೇಕೆಂದು ಓಡೋಡಿ ಬರುತ್ತಾರೆ. ಜಿನಮತಿಯ ಮುಖದಲ್ಲಿ ಗುಟ್ಟೊಂದು ನಗುತ್ತಿದೆ. “ನಾಳೆ ದೊಡ್ಡ ಮ್ಯಾಚಲ್ವಾ? ನಿನ್ ಬೂಟಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಬಚ್ಚಲ ಒಲೆ ಪಕ್ಕ ಬೆಚ್ಚಗೆ ಇಟ್ಟಿದೀನಿ ಕಣಮ್ಮ. ಹೆಂಗೆ ಮಿಂಚ್ತಾ ಇದೆ ನೋಡು, ಎಣ್ಣೆ ನೀರು ಹಾಕಿದ ಮಗು ಥರ!”

ಮಿಂಚುತ್ತಿದೆ, ನಿಜ. ಬಲಗಾಲಿನ ಅಟ್ಟೆ ಮಾತ್ರ ಬಾಯಿ ತೆರೆದಿದೆ. ಬಿಸಿಗೆ ಅಂಟು ಬಿಟ್ಟುಕೊಂಡು, ಪಾದದ ಮೇಲಿನ ಪೈಪು ಒಂದು ಕಡೆ ಜೋತಾಡುತ್ತಿದೆ. ಸೌಜನ್ಯ ಬೂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಸಿಟ್ಟು ಬಂದಿದೆ, ಹೇಳುವುದು ಯಾರಿಗೆ? ಬಡಿಸಿದ ತಟ್ಟೆಯ ಮುಂದೆ ಅತ್ತೆಯೂ ಕೂತಿದ್ದಾರೆ, ತುತ್ತು ಎತ್ತುತ್ತಿಲ್ಲ.

“ಅತ್ತೆ, ಊಟ ಮಾಡಿ. ಹೊತ್ತು ಮುಳುಗುತ್ತೆ.”

“ನಾನೇ ಹಾಳು ಮಾಡ್ದೆ ಅಲ್ವೇನೇ?”

“ಬೂಟಿಗೆ ಅಭ್ಯಂಜನ ಆಯ್ತು ಅಷ್ಟೆ. ಊಟ ಮಾಡಿ.”

ಭಾನುವಾರ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಮೊದಲ ಬಸ್ಸಿನಲ್ಲಿ ಮೂವರು ಕೂತಿದ್ದಾರೆ: ಸೌಜನ್ಯ, ಬೂಟಿನ ಚೀಲ ತೊಡೆಯ ಮೇಲಿಟ್ಟುಕೊಂಡ ನಿಶ್ಚಲ್, ಮತ್ತು ಇದುವರೆಗೆ ಸೊಸೆಯ ಒಂದೇ ಒಂದು ಆಟ ನೋಡದ ಜಿನಮತಿ. ಮೊದಲೇ ಫೋನ್ ಮಾಡಿದ್ದರಿಂದ ಧರ್ಮೇಶ್ ಅಂಗಡಿ ತೆರೆದೇ ಕಾಯುತ್ತಿದ್ದಾರೆ. ಬೂಟು ನೋಡಿದವರೇ ತಲೆ ಚಚ್ಚಿಕೊಳ್ಳುತ್ತಾರೆ.

“ಯಾವನ್ ಕಣ್ರೀ ಇದಕ್ಕೆ ಎಣ್ಣೆ ಕುಡ್ಸಿದ್ದು?”

ಜಿನಮತಿ ರೈಲಿನ ಕಡೆ ನೋಡುತ್ತಾರೆ.

ಧರ್ಮೇಶ್‌ಗೆ ಅರ್ಥವಾಗುತ್ತದೆ. “ಓ... ಇರ್ಲಿ ಬುಡಿ. ಅಂಟು ನಂಬ್ಕಂಡಿದ್ದು ನಂದೇ ತಪ್ಪು” ಎಂದು ಪಾತ್ರೆ ತೊಳೆಯುವ ಪುಡಿ ಹಾಕಿ ಎಣ್ಣೆಯ ಜಿಡ್ಡನ್ನೆಲ್ಲ ಉಜ್ಜಿ ತೆಗೆಯುತ್ತಾರೆ. ಒರೆಸಿ ಒಣಗಿಸಿ, ಅಟ್ಟೆಯ ಸುತ್ತ ದಪ್ಪ ದಾರದ ಹೊಲಿಗೆ ಶುರುಮಾಡುತ್ತಾರೆ. ಪೈಪಿಗೂ ಅಂಚಿನಲ್ಲಿ ತೂತು ಕೊರೆದು ಹೊಲಿಯುತ್ತಾರೆ.

ಜಿನಮತಿಗೆ ತಡೆಯಲಾಗುವುದಿಲ್ಲ. “ಆ ದಾರ ಯಾವುದಪ್ಪಾ?”

“ನೈಲಾನು ಕಣಮ್ಮಾ. ಸೂಜೀನೂ ಬ್ಯಾರೆ. ಚರ್ಮ ಹೊಲ್ಯೋ ಸೂಜಿ ಆ ಡಬ್ಬೀಲೈತೆ, ನಿಮ್ ಸೊಸೆ ಸೂಜಿ ಈ ಡಬ್ಬೀಲೈತೆ. ಮೊದಲ್ನೇ ದಿನದಿಂದ್ಲೂ ಹಂಗೇ ಮಡಗಿವ್ನಿ.”

ಜಿನಮತಿ ಮನೆಯಿಂದ ತಂದ ಚಕ್ಕುಲಿಯ ಪೊಟ್ಟಣವನ್ನು ಬಿಚ್ಚಿ ಧರ್ಮೇಶ್ ಮುಂದಿಡುತ್ತಾರೆ.

ಮೈದಾನದಲ್ಲಿ ಇಂದುಧರ ಜಾಲರಿ ಬೇಲಿಯ ಹಿಂದೆ, ಸೌಜನ್ಯರ ಬೆನ್ನಿಗೆ ನೇರವಾಗಿ ನಿಂತಿದ್ದಾರೆ. ಮೊದಲ ಎಸೆತ. ಹೆಗಲು ಒಂದು ಎಳೆಯಷ್ಟು ಏಳುತ್ತದೆ. “ಹ್ಞೂಂ” ಎನ್ನುತ್ತಾರೆ ಇಂದುಧರ. ಎರಡನೆಯದಕ್ಕೂ ಅಷ್ಟೇ. ನಿಶ್ಚಲ್ ಉಗುರು ಕಚ್ಚುತ್ತಾರೆ. ಬೇಲಿಗೆ ಮುಖ ಒತ್ತಿದ ಜಿನಮತಿಗೆ ಆಟ ತಿಳಿಯದು. ಅವರು ನೋಡುತ್ತಿರುವುದು ಬಲಗಾಲಿನ ಹೊಲಿಗೆಯನ್ನು ಮಾತ್ರ.

ಆಟ ಅರ್ಧ ದಾಟಿದಾಗ ಅದು ಬರುತ್ತದೆ. ಜೋರಾದ ಎಸೆತ, ದಾಂಡಿನ ಅಡಿ ಅಂಚು ಸವರಿದ ಚೆಂಡು ಕ್ಯಾಚರ್‌ನ ಗ್ಲೌಸ್ ತಪ್ಪಿಸಿ ನೆಟ್ಟಗೆ ಬಲಪಾದದ ಮೇಲೆ ಬೀಳುತ್ತದೆ. ಟೊಕ್! ಖಾಲಿ ಕೊಡಕ್ಕೆ ಕಲ್ಲು ಬಿದ್ದ ಹಾಗೆ.

“ಅಯ್ಯೋ ನಮ್ಮಮ್ಮಾ!” ಇದು ಜಿನಮತಿ.

ಸೌಜನ್ಯರ ಎರಡೂ ಕೈ ಮೇಲೇಳುತ್ತವೆ. “ಫೌಲ್!” ದಾಂಡು ಸವರಿ ಗೆರೆಯಾಚೆ ಹೋದ ಚೆಂಡಿಗೆ ಕೊಡುವ ತೀರ್ಪು ಅದು. ಪೆಟ್ಟು ತಿಂದ ಅಂಪೈರ್ ಸುಧಾರಿಸಿಕೊಳ್ಳಲೆಂದು ಕ್ಯಾಚರ್ ಬೇಕೆಂದೇ ನಿಧಾನವಾಗಿ ಎಸೆತಗಾರನ ಹತ್ತಿರ ನಡೆದು ಹೋಗುವುದು ಈ ಆಟದ ಮರ್ಯಾದೆ. ಹುಡುಗ ಎರಡು ಹೆಜ್ಜೆ ಇಟ್ಟಿದ್ದಾನಷ್ಟೆ. “ಎಲ್ಲಿಗಪ್ಪಾ? ಬಾ, ಕೂತ್ಕೋ” ಎಂದು ಸೌಜನ್ಯ ವಾಪಸು ಕರೆಯುತ್ತಾರೆ. ಪುಟ್ಟ ಬ್ರಷ್ಷಿನಿಂದ ಪ್ಲೇಟಿನ ಧೂಳು ಗುಡಿಸಿ, ಮತ್ತೆ ಬಗ್ಗಿ ನಿಲ್ಲುತ್ತಾರೆ.

ಮುಂದಿನ ಎಸೆತಕ್ಕೆ ಹೆಗಲು ಏಳುವುದಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಇಂದುಧರ ಬೇಲಿ ಬಿಟ್ಟು ಟೀ ಕುಡಿಯಲು ಹೊರಟಾಗ ನಿಶ್ಚಲ್ ಬಾಯಿಂದ ಉಗುರು ಹೊರಬರುತ್ತದೆ.

ಮ್ಯಾಚ್ ಮುಗಿದ ಮೇಲೆ ಹುಣಸೆ ಮರದ ನೆರಳಲ್ಲಿ ಜಿನಮತಿ ಸೊಸೆಯ ಬೂಟನ್ನು ತಾವೇ ಬಿಚ್ಚುತ್ತಾರೆ. ಬೇಡವೆಂದರೂ ಕೇಳುವುದಿಲ್ಲ. ಕಾಲುಚೀಲ ಎಳೆದು, ಒಂದೊಂದೇ ಬೆರಳು ಹಿಡಿದು ಅಲ್ಲಾಡಿಸುತ್ತಾರೆ. “ನೋವಾ? ಇದು? ಈ ಕಿರುಬೆರಳು?” ಯಾವುದಕ್ಕೂ ಇಲ್ಲ. ರೆಕ್ಸಿನ್ ಅಡಿಯಲ್ಲಿ ಪೈಪು ಮಾತ್ರ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಸುದ್ದಿ ಮುಟ್ಟಿಸಿದರೆ ಧರ್ಮೇಶ್ ಫೋನಲ್ಲೇ ನಗುತ್ತಾರೆ. “ಒಡೀಲಿ ಬುಡಿ ಮೇಡಂ. ಅದು ಇರಾದೇ ಒಡ್ಯಾಕೆ. ಪೈಪು ಇನ್ನೂ ಮಾರುದ್ದ ಐತೆ.”

ಇಂದುಧರ ಲೋಟ ಹಿಡಿದೇ ಬರುತ್ತಾರೆ. “ಮುಂದಿನ ತಿಂಗಳ ಟೂರ್ನಿಗೆ ಪ್ಲೇಟ್ ನಿಮ್ದೇ ಮೇಡಂ, ಏನು?” ಮೆಚ್ಚುಗೆ ಅಷ್ಟೇ. ಆಮೇಲೆ ಬಗ್ಗಿ ಬೂಟಿನ ಮೂತಿಯನ್ನೊಮ್ಮೆ ಒತ್ತಿ ನೋಡಿ, “ನನ್ ಅಳತೆಗೂ ಒಂದು ಪೈಪ್ ಕತ್ತರಿಸ್ತಾನಾ, ಏನು?” ಎಂದು ಮೆಲ್ಲಗೆ ಕೇಳುತ್ತಾರೆ.

ಸೌಜನ್ಯರಿಗೆ ದೊಡ್ಡ ಆಸೆಗಳಿಲ್ಲ. ಹೆಂಗಸರ ಅಳತೆಯ, ಚರ್ಮವಿಲ್ಲದ ಪ್ಲೇಟ್ ಬೂಟು ಒಂದು ದಿನ ಅಂಗಡಿಯಲ್ಲೇ ಸಿಗಬೇಕು. ತಮ್ಮ ಶಾಲೆಯ ಹುಡುಗಿಯರಲ್ಲಿ ಯಾರಾದರೂ ಅದನ್ನು ತೊಡಬೇಕು. ಬಸ್ಸಿಗೆ ಕಾಯುತ್ತಾ ಬರಿಗಾಲಿನ ಬೆರಳುಗಳನ್ನು ಅಲ್ಲಾಡಿಸಿ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಅತ್ತೆ ಒಣ ಬ್ರಷ್ಷಿನಿಂದ ಬೂಟಿನ ಮಣ್ಣು ಉದುರಿಸುತ್ತಿದ್ದಾರೆ, ಹೊಲಿಗೆಯ ಸಂದುಗೊಂದಿಯನ್ನೂ ಬಿಡದೆ.

“ಇವತ್ತು ಎಷ್ಟು ತೀರ್ಪು ಸರಿ, ಎಷ್ಟು ತಪ್ಪು, ಅದು ಆಡಿದವರು ಹೇಳ್ಬೇಕು” ಎನ್ನುತ್ತಾರೆ ಸೌಜನ್ಯ, ನಿಶ್ಚಲ್ ಕಡೆ ತಿರುಗಿ. “ಆದ್ರೆ ಆ ಚೆಂಡು ಬ್ಯಾಟಿಗೆ ತಾಗಿದ್ದು, ತಿರುಗಿದ್ದು, ನನ್ ಕಾಲ್ ಮೇಲೆ ಬಿದ್ದಿದ್ದು... ಅಷ್ಟನ್ನೂ ನೋಡಿದೆ ಕಣ್ರೀ.”