ರಜಿಸ್ಟರಿನಲ್ಲಿ ಎಮ್ಮೆಯ ಹೆಸರು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ್ದಕ್ಕೆ ಮೊಮ್ಮಗಳ ನೌಕರಿ ಕೈತಪ್ಪುವ ಹೊತ್ತು ಬಂದಿದೆ. ನನ್ನ ಮೇಲೇ ನನಗೆ ಸಿಟ್ಟು. ಬೇರೆಯವರ ಮೇಲೂ ಇದೆ, ಬಿಡುವುದಿಲ್ಲ.

ಹುಡುಗಿ ಪರೀಕ್ಷೆ ಪಾಸಾಗಿದ್ದಾಳೆ. ನಿರಾಶ್ರಿತ ಕುಟುಂಬದವರಿಗೆ ಇಟ್ಟ ಜಾಗದಲ್ಲಿ ಅವಳಿಗೆ ಕೆಲಸ ಸಿಗಬೇಕಾದರೆ, ನಾವು ಊರು ಕಳೆದುಕೊಂಡವರು ಎಂಬ ಪ್ರಮಾಣಪತ್ರ ಶುಕ್ರವಾರದೊಳಗೆ ಬೇಕಿತ್ತು. ಸೋಮವಾರ ಅವಳ ಜೊತೆ ಖಾನಾಪುರದ ಕಚೇರಿಗೆ ಹೋದೆ.

ನಮ್ಮ ಊರು ಖಾನಾಪುರದ ಆಚೆ, ಕಾಡಿನ ಅಂಚಿನಲ್ಲಿತ್ತು. ನನ್ನ ಮದುವೆಯಾಗಿ ಎರಡು ವರ್ಷಕ್ಕೆ ವಿಮಾನ ನೆಲೆಯವರು ಬಂದು, ನಿಮ್ಮ ಗುಡ್ಡದ ಮೇಲೆ ಬಾಂಬುಗಳ ಪರೀಕ್ಷೆ ಇದೆ, ಎಂಟು ದಿನ ಊರು ಬಿಡಿ ಎಂದರು. ಲಾರಿಯಲ್ಲಿ ತುಂಬಿ ಬೆಳಗಾವಿಯ ಹೊರಗೆ ತಮ್ಮ ನೆಲೆಯ ತಗಡಿನ ಶೆಡ್ಡಿಗೇ ಒಯ್ದರು. ಎಂಟು ದಿನ ಹೋಗಿ ಎಂಟು ತಿಂಗಳಾಯಿತು. ಆಮೇಲೆ ಊರಿಗೆ ಮರಳುವ ಮಾತೇ ನಿಂತಿತು. ಗುಡ್ಡದ ಮೇಲೆ ಬಾಂಬು ಹಾಕುವವರೂ ಅವರೇ, ನಮ್ಮನ್ನು ಸಾಲಾಗಿ ಕೂರಿಸಿ ಅನ್ನ ಬಡಿಸುವವರೂ ಅವರೇ. ಯಾರನ್ನು ಬೈಯಬೇಕು? ಬಡಿಸುವ ಹುಡುಗರು ಒಳ್ಳೆಯವರಿದ್ದರು, ಅದು ಖರೆ. ವಿಮಾನ ಎದ್ದಾಗ ಮಾತ್ರ, ಇದು ನಮ್ಮ ಮನೆಯ ಕಡೆಗೇ ಹೊರಟಿತು ಎಂದು ಹೆಂಗಸರೆಲ್ಲ ತುತ್ತು ಕೈಯಲ್ಲೇ ಹಿಡಿದು ಮೇಲೆ ನೋಡುತ್ತಿದ್ದೆವು.

ಮೊದಲ ದಿನ ಶೆಡ್ಡಿನ ಬಾಗಿಲಲ್ಲಿ ಒಬ್ಬ ಗುಮಾಸ್ತ ಮನೆಯ ಯಜಮಾನನ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ. ನನ್ನ ಗಂಡ ದನಗಳನ್ನು ಹೊಡೆದುಕೊಂಡು ಹಿಂದೆ ನಡೆದು ಬರುತ್ತಿದ್ದ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಗುಮಾಸ್ತ ಮೂರು ಸಲ ಕೇಳಿದ, ನಾನು ಮೂರು ಸಲ ನೆಲ ನೋಡಿದೆ. ನನ್ನ ಹಿಂದೆ ಬಾಜು ಮನೆಯ ಆಪಾ ಕೂಸು ಹೊತ್ತು ನಿಂತಿದ್ದಳು. ಬೇಸತ್ತು, ಊರಲ್ಲಿ ನನ್ನ ಗಂಡನನ್ನು ಕರೆಯುತ್ತಿದ್ದ ಹೆಸರನ್ನೇ ಹೇಳಿಬಿಟ್ಟಳು. ಅದು ನಮ್ಮ ಎಮ್ಮೆಯ ಹೆಸರು. ಅದರ ಬಾಲ ಬಿಟ್ಟು ಅವನು ಎಲ್ಲೂ ಹೋಗುತ್ತಿರಲಿಲ್ಲವೆಂದು ಊರವರು ಅವನಿಗೂ ಅದನ್ನೇ ಅಂಟಿಸಿದ್ದರು. ಗುಮಾಸ್ತ ಬರೆದುಕೊಂಡ. ನಾನು ಸುಮ್ಮನೆ ಒಳಗೆ ಹೋದೆ.

ಈಗ ಆ ರಜಿಸ್ಟರಿನ ನಕಲು ಖಾನಾಪುರದ ಕಚೇರಿಯ ಮೇಜಿನ ಮೇಲಿತ್ತು.

"ಆಯಿ, ಯಜಮಾನ ಅಂತ ಇಲ್ಲಿ ಹೆಣ್ಣ ಹೆಸರ ಐತಲ್ರಿ. ಇವರ್ಯಾರು?" ಎಂದ ಅಲ್ಲಿಯವನು.

"ನಮ್ಮ ಎಮ್ಮಿ," ಎಂದೆ.

ಮೊಮ್ಮಗಳು ಹಣೆ ಹಿಡಿದುಕೊಂಡಳು. ಅವನು ನಗಲಿಲ್ಲ. ಗಂಡನ ಹೆಸರು ನಾನೇ ಹೇಳಿ ಹೇಳಿಕೆ ಬರೆಸಬೇಕು, ಶೆಡ್ಡಿನಲ್ಲಿದ್ದ ಒಬ್ಬರನ್ನು ಸಾಕ್ಷಿಗೆ ತರಬೇಕು ಎಂದ. ಹೇಳಿದೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿದೆ, ನನ್ನ ಬಾಯಿಂದ ಆ ಹೆಸರು ಹೊರಬಿದ್ದದ್ದು ಅವತ್ತೇ ಮೊದಲು. ಭೂಮಿಯೇನೂ ಬಿರಿಯಲಿಲ್ಲ. ಆ ಬಾಗಿಲಲ್ಲೇ ಹೇಳಿದ್ದರೆ ಏನಾಗುತ್ತಿತ್ತು?

ಮರುದಿನ ಬೆಳಗಾವಿಯ ವಡಗಾವಿಗೆ ಹೋದೆ. ಶೆಡ್ಡು ಬಿಟ್ಟ ಮೇಲೆ ಆಪಾ ಅಲ್ಲೇ ಉಳಿದವಳು. ಅವಳ ಮಗ ಮಗ್ಗ ನಡೆಸುತ್ತಾನೆ. ವಿಷಯ ಕೇಳಿ ಚಪ್ಪಲಿ ಮೆಟ್ಟಿಕೊಂಡೇ ಹೇಳಿದಳು: "ನಿನ್ನ ಬಾಯಾಗೇನ ಕಡಬ ತುಂಬಿತ್ತೇನ ಅವತ್ತ? ನಡಿ, ನಾನಽ ಹೇಳಿದ್ದಂತ ಬರದ ಕೊಡ್ತೀನಿ."

ಬರೆದೂ ಕೊಟ್ಟಳು. ಆದರೆ ಕಚೇರಿಯವನು ಹೊಸ ಮಾತು ತೆಗೆದ: ರಜಿಸ್ಟರಿನ ಹೆಸರಿನವನೂ ನನ್ನ ಗಂಡನೂ ಒಬ್ಬನೇ ಎಂದು ನೆಲೆಯವರೇ ಪತ್ರ ಕೊಡಬೇಕಂತೆ.

ಗುರುವಾರ ಆಪಾ, ನಾನು, ಮೊಮ್ಮಗಳು ನೆಲೆಯ ಗೇಟಿಗೆ ಹೋದೆವು. ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಕಾವಲಿನ ಹುಡುಗ ಹಿಂದಿಯಲ್ಲಿ ಹೇಳಿದ. ಅವನ ಕೆಲಸ ಅವನು ಮಾಡಿದ. ಆದರೂ ನನಗೆ ತಡೆಯಲಿಲ್ಲ.

"ನಾವು ಬರಂಗಿಲ್ಲ ಅಂದಾಗ ಲಾರಿ ತಂದು ಒಳಗ ಹಾಕಿದ್ರಿ," ಎಂದೆ. "ಅವತ್ತ ಯಾರೂ ಪಾಸ್ ಕೇಳಲಿಲ್ಲ."

ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಮೊಮ್ಮಗಳು ಹಿಂದಿಯಲ್ಲಿ ಹೇಳಹೋದಳು, ಬೇಡವೆಂದು ಅವಳ ಕೈ ಜಗ್ಗಿದೆ. ಅವನು ನಾವು ಬರೆದು ತಂದಿದ್ದ ಅರ್ಜಿ ಇಸಿದುಕೊಂಡ, ಹದಿನೈದು ದಿನವಾಗಬಹುದು ಎಂದ. ಶುಕ್ರವಾರ ಹುಡುಗಿ ಪ್ರಮಾಣಪತ್ರವಿಲ್ಲದೆಯೇ ನೌಕರಿಯ ಕಾಗದಪತ್ರ ಕಳಿಸಿದಳು. ನನ್ನ ಹೇಳಿಕೆ, ಆಪಾಳ ಹೇಳಿಕೆ ಎರಡನ್ನೂ ಅದಕ್ಕೆ ಲಗತ್ತಿಸಿದ್ದಾಳೆ.