ಅತ್ತೆಯ ಹೆಸರಿಗೆ ಮೂರು ಹೂಂ

ಪೆನಾಂಗಿನ ನಮ್ಮ ಹಗ್ಗದ ಓಣಿಯಲ್ಲಿ ಚೀನೀ ಪಂಚಾಂಗದ ಏಳನೆಯ ತಿಂಗಳ ಪೂಜೆ ಮುಗಿದ ಮೇಲೆ ದೇವರ ಊದಿನಕಡ್ಡಿ ಬಟ್ಟಲು ಒಂದು ವರ್ಷ ಓಣಿಯೊಳಗಿನ ಯಾವುದಾದರೂ ಮನೆಯಲ್ಲೇ ಇರಬೇಕು, ಅದೂ ಸಂಸಾರ ಇರುವ ಮನೆಯಲ್ಲಿ, ಮತ್ತು ಯಾವ ಮನೆ ಎಂದು ಆರಿಸುವುದು ನಾವಲ್ಲ, ದೇವರೇ! ಅರ್ಧಚಂದ್ರದಂಥ ಎರಡು ಮರದ ತುಂಡು ಎಸೆದಾಗ ಒಂದು ಬೋರಲು, ಒಂದು ಅಂಗಾತ ಬಿದ್ದರೆ ಹೂಂ. ಮೂರು ಸಲ ಹೂಂ ಬಂದವರಿಗೆ ಬಟ್ಟಲು.

ನನ್ನ ಸೋದರತ್ತೆ ಗೈಕ್ ಹೂನ್ ಇಲ್ಲಿಗೆ ಸೊಸೆಯಾಗಿ ಬಂದಾಗ ಪಟ್ಟಿಯಲ್ಲಿದ್ದ ಸಂಸಾರಗಳ ಹೆಸರು ಓದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತಂತೆ. ಅರವತ್ತೆರಡು ಮನೆ, ಒಂದೊಂದರಲ್ಲಿ ಮೂರು ಸಂಸಾರ, ಮೆಟ್ಟಿಲ ಕೆಳಗೂ ಒಬ್ಬ ಬಾಡಿಗೆದಾರ, ಎಲ್ಲರಿಗೂ ಒಂದೇ ಬಚ್ಚಲು, ಜಗಳವೋ ಜಗಳ. ಆಮೇಲೆ ಹಳೇ ಬಾಡಿಗೆ ಕಾಯ್ದೆ ಹೋಯಿತು, ಬಾಡಿಗೆ ಏರಿತು, ಜನ ಊರಾಚೆಯ ಫ್ಲ್ಯಾಟುಗಳಿಗೆ ಹೋದರು. ತಗಡು ಕೆಲಸದವರ ಮನೆ ಹೋಟೆಲಾಯಿತು, ಹಗ್ಗದಂಗಡಿ ಕಾಫಿ ಅಂಗಡಿಯಾಯಿತು, ಒಂದು ಮನೆಯಲ್ಲಂತೂ ಸೂಪಿಗೆ ಹಾಕುವ ಗೂಡು ಮಾರುವುದಕ್ಕೆಂದೇ ಹಕ್ಕಿ ಸಾಕಿದ್ದಾರೆ. ಹಕ್ಕಿಗಳ ಹೆಸರು ಬರೆದರೆ ಪಟ್ಟಿ ತುಂಬುತ್ತದೆ ಎಂದು ಅತ್ತೆಯೇ ನಗುತ್ತಿದ್ದಳು.

ಈ ವರ್ಷ ಮೂರೇ ಹೆಸರು. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಒಡೆಯ ಅತ್ತೆಗೆ ಹೇಳಿದ್ದ, ಅದು ನಮ್ಮವರಿಗಷ್ಟೇ ಗೊತ್ತು. ಪಟ್ಟಿಯಿಂದ ಹೆಸರು ತೆಗೆಸು ಎಂದು ನಾವು ಹೇಳಿದರೆ ಅವಳು ಕೇಳಲಿಲ್ಲ. ಎರಡೇ ಹೆಸರಾದರೆ ಪೂಜೆಯನ್ನೇ ನಿಲ್ಲಿಸಿಬಿಡುತ್ತಾರೆ, ಹೇಗೂ ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಬಂದಿಲ್ಲ, ಎಂದಳು.

ಓಣಿಯ ಹಿರಿಯ ಟೀ ಬೆಂಗ್ ಮೊದಲ ಹೆಸರಿಗೆ ಎಸೆದರು, ಇಲ್ಲ. ಎರಡನೆಯದಕ್ಕೆ ಒಂದು ಹೂಂ, ಆಮೇಲೆ ಇಲ್ಲ. ಅತ್ತೆಯ ಹೆಸರಿಗೆ ಹೂಂ, ಹೂಂ, ಮತ್ತೆ ಹೂಂ.

"ಇಷ್ಟು ವರ್ಷ ಸತಾಯ್ಸಿ ಈಗ ಒಲಿದ ನೋಡು. ಬಾರಮ್ಮ, ತಗೋ," ಎಂದು ಅವರು ನಕ್ಕರು.

ಅತ್ತೆ ಕೈ ಚಾಚಲಿಲ್ಲ. "ಬೆಂಗಣ್ಣ, ನಂಗೆ ಮನೆ ಇಲ್ಲ. ಮೂವತ್ತಕ್ಕೆ ಬೀಗದ ಕೈ ಕೊಡ್ಬೇಕು."

"ಮೊದ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಬಿಟ್ಟಿದ್ರೆ ನೀವು ಪಟ್ಟಿನೇ ಹರಿದು ಹಾಕ್ತಿದ್ರಿ."

ಇನ್ನೊಮ್ಮೆ ಎಸೆಯಿರಿ ಎಂದು ಯಾರೋ ಅಂದರು. ಹೂಂ ಅಂದ ದೇವರನ್ನು ಮತ್ತೆ ಕೇಳುವ ಹಾಗಿಲ್ಲ. ಫ್ಲ್ಯಾಟಿಗೆ ಒಯ್ಯುವ ಹಾಗಿಲ್ಲ, ಬಟ್ಟಲು ಓಣಿ ದಾಟುವುದಿಲ್ಲ. ಹೋಟೆಲಿನ ಮ್ಯಾನೇಜರ್, ಪಾಪ ಒಳ್ಳೆಯ ಹುಡುಗಿ, ನಮ್ಮ ಕೌಂಟರಿನಲ್ಲಿಡಿ ಎಂದಳು. ಎರಡು ರಾತ್ರಿ ತಂಗಿ ಹೋಗುವವರದು ಸಂಸಾರವಲ್ಲವಲ್ಲ.

ಕೊನೆಗೆ ಟೀ ಬೆಂಗ್ ಬಟ್ಟಲನ್ನು ಅತ್ತೆಯ ಕೈಗೇ ಇಟ್ಟರು. ಮೂಟೆ ಕಟ್ಟಿದ್ದ ಮನೆಯಲ್ಲಿ ಅವಳು ಒಂದು ಮೇಜು ಒರೆಸಿ, ಅದನ್ನಿಟ್ಟು, ಕಡ್ಡಿ ಹಚ್ಚಿ ಒಡೆಯನಿಗೆ ಫೋನು ಮಾಡಿದಳು. ಇಡೀ ಮನೆ ಬೇಡ, ಒಂದು ವರ್ಷ ಹಿಂದಿನ ಕೋಣೆ ಸಾಕು ಎಂದಳು. ಒಂದನೇ ತಾರೀಕು ಗೋಡೆ ಒಡೆಯುವವರು ಬರುತ್ತಾರೆ ಎಂದು ಅವನು ಮರ್ಯಾದೆಯಿಂದಲೇ ಹೇಳಿದ.

ಆಯ್ತಪ್ಪ ಎಂದಳು ಅತ್ತೆ. ನಿನಗೆ ಒಳ್ಳೆಯದಾಗಲಿ ಎಂದೂ ಹೇಳಿದಳು. ಫೋನಿಟ್ಟು, ಮೂವತ್ತರವರೆಗಾದರೂ ಇಲ್ಲೇ ಇರಲಿ ಎಂದು ಬಟ್ಟಲಿಗೆ ಇನ್ನೊಂದು ಕಡ್ಡಿ ಹಚ್ಚಿದಳು.